ಎಳ್ಳಿನ ಗುಣ

ಎಳ್ಳು ತಿಂದರೆ ಗಂಟಲು ಚುರುಚುರು ಎನ್ನುವುದು ನನ್ನ ಮಟ್ಟಿಗೆ ಮೆಣಸಿನಕಾಯಿ ಖಾರ, ಹುಣಸೆ ಹುಳಿ ಎಂಬಷ್ಟೇ ಸಾದಾ ಸಂಗತಿಯಾಗಿತ್ತು. ಎಳ್ಳುಂಡೆ ಬಾಯಿಗಿಟ್ಟ ಸ್ವಲ್ಪ ಹೊತ್ತಿಗೆ ಅಂಗುಳ ಕೆರೆಯುತ್ತದೆ, ಕಿವಿಯೊಳಗೆ ಬೆರಳು ಹಾಕಿ ತುರಿಸಿಕೊಳ್ಳಬೇಕು ಅನ್ನಿಸುತ್ತದೆ, ತುಟಿ ದಪ್ಪಗಾದಂತೆ ತೋರುತ್ತದೆ, ಆಮೇಲೆ ತಾನಾಗಿಯೇ ಇಳಿಯುತ್ತದೆ. ಎಲ್ಲರಿಗೂ ಹೀಗೇ ಆಗುತ್ತದೆ, ಆದರೂ ಹಬ್ಬವೆಂದು ನಗುನಗುತ್ತ ತಿನ್ನುತ್ತಾರಲ್ಲ, ಈ ಜನ ಬಲು ಗಟ್ಟಿಗರು ಎಂದು ನಾನು ತಿಳಿದಿದ್ದೆ. ಮದುವೆಯಾಗಿ, ಒಂದು ಕೂಸಿನ ತಾಯಿಯಾಗುವವರೆಗೂ ಹಾಗೆಯೇ ತಿಳಿದಿದ್ದೆ. ಮೇಲಾಗಿ ನಾನು ವಿಜ್ಞಾನ ಓದಿ ಪದವಿ ಪಡೆದವಳು. ಮನೆಗೆ ಬಂದವರಿಗೆಲ್ಲ ಅದನ್ನು ಹೇಳಿಯೇ ನನ್ನ ಪರಿಚಯ ಮಾಡಿಕೊಡುತ್ತಿದ್ದರು.

ಈ ಪಾಠ ನನಗೆ ಕಲಿಸಿದವಳು ಅವ್ವ. ಹುಕ್ಕೇರಿಯ ನಮ್ಮ ಮನೆಯಲ್ಲಿ, ನಾನು ತೀರ ಸಣ್ಣವಳಿದ್ದಾಗ, ಸಂಕ್ರಾಂತಿಯ ಹಿಂದಿನ ದಿನ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಒಲ್ಲೆನೆಂದು ತಟ್ಟೆ ದೂಡಿ, ಬಾಯಿ ಕೆರೆಯುತ್ತದೆ ಎಂದು ಅಳು ತೆಗೆದಿದ್ದೆ. ಅವ್ವ ಬೈಯಲಿಲ್ಲ. ರೊಟ್ಟಿ ಮುರಿದು, ಬೆಣ್ಣೆ ಸವರಿ, ತನ್ನ ಕೈಯಿಂದಲೇ ನನ್ನ ಬಾಯಿಗಿಡುತ್ತ, “ಎಳ್ಳಿನ ಗುಣಾನ ಹಂಗ, ಯವ್ವಾ. ಚುರುಚುರು ಅಂದರನ ಅದು ಎಳ್ಳು” ಎಂದಳು. ಅವ್ವನ ಕೈತುತ್ತಿಗೆ ಇಲ್ಲವೆನ್ನುವ ಶಕ್ತಿ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ತಿಂದೆ. ಗಂಟಲು ಕೆರೆಯಿತು. ಎಳ್ಳು ಒಳ್ಳೆಯದಿದೆ ಎಂದುಕೊಂಡೆ.

ಅವ್ವ ಗಡಿಯಾಚೆಯ ಮರಾಠಿ ಊರಿನಿಂದ ಬಂದವಳು. ತವರಿನಿಂದ ತಂದ ವಿದ್ಯೆಯೊಂದು ಅವಳ ಕೈಯಲ್ಲಿತ್ತು, ಕುಸರೆಳ್ಳಿನ ದಾಗೀನ ಮಾಡುವುದು. ಎಳ್ಳಿನ ಕಾಳಿಗೆ ಸಕ್ಕರೆ ಪಾಕ ಹಿಡಿಸಿ ಮೈತುಂಬ ಬಿಳಿ ಮುಳ್ಳು ಎಬ್ಬಿಸಿದರೆ ಅದು ಕುಸರೆಳ್ಳು. ಅದನ್ನು ದಾರಕ್ಕೆ ಕಟ್ಟಿ ಹಾರ, ಬಳೆ, ತೋಳಬಂದಿ, ಕಿರೀಟ ಮಾಡಿ, ಹೊಸ ಸೊಸೆಗೆ ಮತ್ತು ಮೊದಲ ಸಂಕ್ರಾಂತಿಯ ಕೂಸಿಗೆ ಕಪ್ಪು ಬಟ್ಟೆ ಉಡಿಸಿ ಅದರ ಮೇಲೆ ತೊಡಿಸುತ್ತಾರೆ. ಕಪ್ಪಿನ ಮೇಲೆ ಆ ಬಿಳುಪು ನೋಡಲು ಚೆಂದ. ಮಾಡುವುದು ಮಾತ್ರ ಚೆಂದವಿಲ್ಲ. ಚಳಿಯಲ್ಲಿಯೇ ಮುಳ್ಳು ಏಳುತ್ತದೆಂದು ಅವ್ವ ನಸುಕಿನಲ್ಲೇ ಎದ್ದು, ಶೇಗಡಿಯ ಸಣ್ಣ ಕೆಂಡದ ಮೇಲೆ ಹಿತ್ತಾಳೆಯ ಪರಾತವಿಟ್ಟು, ಚಮಚೆಯಿಂದ ಪಾಕ ಬಿಡುತ್ತ, ಬರಿಗೈ ಬೆರಳಿನಿಂದ ಎಳ್ಳು ತಿರುವುತ್ತ ಕೂಡುತ್ತಿದ್ದಳು. ಎಳ್ಳಮಾವಾಸ್ಯೆಗೆ ಹಿಡಿದ ಕೆಲಸ ಸಂಕ್ರಾಂತಿಯವರೆಗೂ ಮುಗಿಯುತ್ತಿರಲಿಲ್ಲ. ಹುಕ್ಕೇರಿಯಲ್ಲಿ ಯಾರ ಮನೆಯ ಕೂಸಾದರೂ ಅದರ ಮೊದಲ ಹಬ್ಬಕ್ಕೆ ಅವ್ವನ ದಾಗೀನವೇ ಬೇಕು. ದುಡ್ಡು ಕೊಡಲು ಬಂದರೆ ಅವಳಿಗೆ ಸಿಟ್ಟು ಬರುತ್ತಿತ್ತು.

ಹಬ್ಬ ಹತ್ತಿರ ಬಂದಂತೆ ಅವ್ವನ ಕೈ ನೋಡಲಾಗುತ್ತಿರಲಿಲ್ಲ. ಬೆರಳ ಸಂದಿಯೆಲ್ಲ ಕೆಂಪಗಾಗಿ, ಸೀಳಿ, ನೀರು ಒಸರುತ್ತಿತ್ತು. ಸೆರಗಿಗೆ ಉಜ್ಜಿಕೊಳ್ಳುತ್ತಲೇ ಇರುತ್ತಿದ್ದಳು. ಕೆಂಡದ ಝಳ, ಕುದಿಯುವ ಪಾಕ, ಮೇಲೆ ಥಂಡಿ, ಇನ್ನೇನಾದೀತು ಎಂದು ಎಲ್ಲರೂ ಅನ್ನುತ್ತಿದ್ದರು. ಹಚ್ಚಿಕೊಳ್ಳಲು ತುಪ್ಪ ಕೊಟ್ಟರೆ, ಕುಸರೆಳ್ಳಿಗೆ ಜಿಡ್ಡು ಹತ್ತುತ್ತದೆಂದು ಅವಳು ಅದನ್ನೂ ಮುಟ್ಟುತ್ತಿರಲಿಲ್ಲ.

ತೊಂಬತ್ತರ ದಶಕದ ನಡುವೆ ನನ್ನನ್ನು ಮೂಡಲಗಿಗೆ ಕೊಟ್ಟರು. ಯಜಮಾನರದು ಅಲ್ಲಿ ಬೀಜ-ಗೊಬ್ಬರದ ಅಂಗಡಿ. ಮನೆಯಲ್ಲಿ ಅವರ ತಾಯಿ, ಅಂದರೆ ನನ್ನ ಅತ್ತೆ. ಮಾತು ಕಡಿಮೆ, ಆಡಿದ್ದು ಮಾತ್ರ ನೆಟ್ಟಗೆ. ಆ ಮನೆಯ ಮೊದಲ ಸಂಕ್ರಾಂತಿಗೆ ಅತ್ತೆ ಹೋಳಿಗೆಯ ಪುಡಿಗೆಂದು ಎಳ್ಳು ಹುರಿಯುತ್ತಿದ್ದರು. ನನಗೆ ರುಚಿ ನೋಡಲು ಒಂದು ಚಿಟಿಕೆ ಕೊಟ್ಟರು. ಹೊಸ ಸೊಸೆ, ಅತ್ತೆಯನ್ನು ಹೊಗಳಬೇಕು. ನಾನು ತುಂಬು ಮನಸ್ಸಿನಿಂದ, “ಭಾಳ ಛಲೋ ಅದಾವ್ರಿ ಅತ್ತಿ. ಗಂಟಲದಾಗ ಹೆಂಗ ಚುರುಚುರು ಅಂತಾವ ನೋಡ್ರಿ” ಎಂದೆ. ಅತ್ತೆ ಹುಟ್ಟು ಹಿಡಿದ ಕೈ ನಿಲ್ಲಿಸಿ ನನ್ನ ಮುಖ ನೋಡಿದರು. ತಾವೂ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು, ಅಗಿದರು, ಮತ್ತೆ ಹುಟ್ಟು ಆಡಿಸತೊಡಗಿದರು. ಅಂದು ಸಂಜೆ ಪಕ್ಕದ ಮನೆಯವರ ಮುಂದೆ, ಹುಕ್ಕೇರಿಯವರು ಎಳ್ಳಿಗೂ ಖಾರ ಹಾಕಿ ತಿನ್ನುತ್ತಾರೇನೋ ಎಂದು ನಕ್ಕಿದ್ದು ನನ್ನ ಕಿವಿಗೂ ಬಿತ್ತು. ನಾನೂ ನಕ್ಕೆ. ಮೂಡಲಗಿಯವರ ನಾಲಿಗೆಯೇ ಮೊಂಡು ಎಂದು ತೀರ್ಮಾನಿಸಿದ್ದೆ.

ಮುಂದೆ ಮಗಳು ಹುಟ್ಟಿದಳು. ಬಾಣಂತನಕ್ಕೆ ಹುಕ್ಕೇರಿಗೆ ಹೋದಾಗ ಕೂಸು ನನ್ನ ಮಡಿಲಿಗಿಂತ ಅವ್ವನ ಮಡಿಲಲ್ಲೇ ಹೆಚ್ಚು ಬೆಳೆಯಿತು. ಅವಳ ಮೊದಲ ಅನ್ನವೂ ಅವ್ವನ ಬೆರಳಿನಲ್ಲೇ ಆಯಿತು. ಮೆತ್ತಗೆ ಮಿದ್ದ ಅನ್ನ-ಬೇಳೆಯನ್ನು ತೋರುಬೆರಳ ತುದಿಯಲ್ಲಿ ಹಿಡಿದು ಅವ್ವ ನಾಲಿಗೆಗೆ ಮುಟ್ಟಿಸಿದಾಗ, ಕೂಸು ಆ ಬೆರಳನ್ನೇ ಬಿಡದೆ ಚೀಪಿತ್ತು. ಅವ್ವ ಅದನ್ನು ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು. ಮೊಮ್ಮಗಳಿಗೆ ತನ್ನ ಬೆರಳೇ ಬೇಕಂತೆ, ತಾಯಿಯದು ಬೇಡವಂತೆ. ನನಗೆ ಒಂದಿಷ್ಟು ಹೊಟ್ಟೆಕಿಚ್ಚೂ ಆಗುತ್ತಿತ್ತು.

ಆ ಜನವರಿಯಲ್ಲಿ ಅವ್ವ ತಾನೇ ದಾಗೀನ ತೆಗೆದುಕೊಂಡು ಮೂಡಲಗಿಗೆ ಬಂದಳು. ಹುಕ್ಕೇರಿಯಿಂದ ಗೋಕಾಕಕ್ಕೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ತಗ್ಗು ಬಿದ್ದ ರಸ್ತೆಯಲ್ಲಿ ಮುಳ್ಳು ಉದುರೀತೆಂದು ತಗಡಿನ ಡಬ್ಬಿಯನ್ನು ದಾರಿಯುದ್ದಕ್ಕೂ ತೊಡೆಯ ಮೇಲೆಯೇ ಇಟ್ಟುಕೊಂಡು ಬಂದಿದ್ದಳು. ಊರವರಿಗೆಲ್ಲ ಮಾಡಿ ಮಾಡಿ ಪಳಗಿದ ಕೈ, ತನ್ನ ಮೊಮ್ಮಗಳಿಗೆಂದಾಗ ಏನೆಲ್ಲ ಮಾಡಿತ್ತು. ಹಾರ, ಬಳೆ, ಉಡಿದಾರ, ಕಾಲಿಗೆ ಗೆಜ್ಜೆಯ ಹಾಗೆ ಎರಡೆಳೆ, ಹಿಡಿದು ಆಡಲು ಒಂದು ಗಿಲಕಿ. ಅತ್ತೆ ಕೂಡ ಕೈಯಲ್ಲಿ ಹಿಡಿದು ನೋಡಿ ತಲೆದೂಗಿದರು. ಅವ್ವನ ಕೈ ಮಾತ್ರ ಎಂದಿಗಿಂತ ಕೆಟ್ಟಿತ್ತು.

ಸಂಜೆ ಕೂಸಿಗೆ ಕಪ್ಪು ಅಂಗಿ ಹಾಕಿ, ದಾಗೀನ ತೊಡಿಸಿ, ಮಣೆಯ ಮೇಲೆ ಕೂಡಿಸಿ, ತಲೆಯ ಮೇಲೆ ಬಾರೆಹಣ್ಣು, ಕಬ್ಬಿನ ಚೂರು, ಚುರುಮುರಿ ಸುರಿದೆವು. ಓಣಿಯ ಮಕ್ಕಳು ಬಿದ್ದುದನ್ನು ಬಾಚಿಕೊಳ್ಳಲು ಮುಗಿಬಿದ್ದವು. ಆ ಗದ್ದಲದಲ್ಲಿ ಕೂಸು ತನ್ನ ಪಾಡಿಗೆ ತಾನು ಕೈಬಳೆಯನ್ನು ಬಾಯಿಗೆ ಹಾಕಿಕೊಂಡು ಚೀಪುತ್ತ ಕೂತಿತ್ತು. ಸಿಹಿ ಹತ್ತಿತು ನೋಡು ಜಾಣೆಗೆ ಎಂದು ನಾವೆಲ್ಲ ನಕ್ಕೆವು. ಸ್ವಲ್ಪ ಹೊತ್ತಿನಲ್ಲೇ ಬಾಯಿಯ ಸುತ್ತ ಕೆಂಪು ಎದ್ದಿತು. ದೃಷ್ಟಿಯಾಯಿತೆಂದು ಅವ್ವ ಉಪ್ಪು-ಮೆಣಸಿನಕಾಯಿ ಇಳಿ ತೆಗೆದಳು. ಕೆಂಪು ಕುತ್ತಿಗೆಗೆ, ಹೊಟ್ಟೆಗೆ ಇಳಿಯಿತು. ದದ್ದು ದದ್ದಾಗಿ ಉಬ್ಬಿತು. ಒಂದು ಕಣ್ಣು ಅರ್ಧ ಮುಚ್ಚಿತು. ಕೂಸು ಕೆರೆದುಕೊಳ್ಳಲೂ ತಿಳಿಯದೆ ಚೀರತೊಡಗಿತು.

ಇವರು ಅಂಗಡಿಯಿಂದ ಓಡಿಬಂದು ಯಾರದೋ ಜೀಪು ತಂದರು. ಗೋಕಾಕದಲ್ಲಿ ಮಕ್ಕಳ ಡಾಕ್ಟರರೊಬ್ಬರಿದ್ದರು, ಅಲ್ಲಿಗೇ ಹೊರಟೆವು. ಅವ್ವ ಚಪ್ಪಲಿ ಹುಡುಕುತ್ತಿದ್ದಳು. ಅತ್ತೆ, ನೀವು ಇಲ್ಲೇ ಇರ್ರಿ, ಮನೆಗೆ ಯಾರಾದರೂ ಬೇಕಲ್ಲ ಎಂದು ಹೇಳಿ ತಾವು ಜೀಪು ಹತ್ತಿದರು. ಜೀಪಿನಲ್ಲಿ ಜಾಗವೇನೋ ಇತ್ತು. ಜೀಪು ತಿರುಗುವಾಗ ಅವ್ವ ಚುರುಮುರಿ ಚೆಲ್ಲಿದ ಹೊಸ್ತಿಲಲ್ಲಿ ಒಂದು ಕಾಲಿಗೆ ಚಪ್ಪಲಿ ಮೆಟ್ಟಿ ನಿಂತಿದ್ದಳು.

ಡಾಕ್ಟರರು ಸಮಾಧಾನದ ಮನುಷ್ಯ. ಒಂದು ಸೂಜಿ ಹಾಕಿದರು, ಔಷಧ ಕುಡಿಸಿದರು, ಸ್ವಲ್ಪ ಕಾಯ್ದು ನೋಡೋಣ ಎಂದರು. ಕೂಸಿನ ಕಣ್ಣು ತೆರೆಯುತ್ತ ಬಂದಿತು. ಉಸಿರಿಗೇನೂ ತೊಂದರೆಯಿಲ್ಲ, ಅಂಜುವಂಥದ್ದಲ್ಲ, ಇದು ಅಲರ್ಜಿ ಎಂದರು. ಏನೇನು ತಿಂದಿತ್ತೆಂದು ಒಂದೊಂದೇ ಕೇಳಿ, ಎಳ್ಳಿಗೆ ಬಂದು ನಿಂತರು. ಮನೆಯಲ್ಲಿ ಯಾರಿಗಾದರೂ ಎಳ್ಳು ಒಗ್ಗುವುದಿಲ್ಲವೇ ಎಂದು ವಿಚಾರಿಸಿದರು. ಇಲ್ಲವೆಂದೆ. ಎಲ್ಲರಿಗೂ ಆಗುವ ಹಾಗೆ ಗಂಟಲು ಕೆರೆಯುತ್ತದೆ, ತುಟಿ ಒಂದಿಷ್ಟು ದಪ್ಪಗಾಗುತ್ತದೆ, ಅಷ್ಟೇ ಎಂದೆ. ಅವರು ಬರೆಯುವುದನ್ನು ಬಿಟ್ಟು ತಲೆ ಎತ್ತಿದರು.

“ಎಲ್ಲಾರಿಗೂ ಕೆರಿತೈತಿ ಅಂತ ನಿಮಗ ಯಾರ ಹೇಳಿದ್ರು?”

“ನಮ್ಮ ಅವ್ವ ಹೇಳ್ಯಾಳ್ರಿ.”

ಡಾಕ್ಟರರು ಅತ್ತೆಯ ಕಡೆ ತಿರುಗಿ, ನಿಮಗೆ ಕೆರೆಯುತ್ತದೆಯೇ ಎಂದು ಕೇಳಿದರು. ಅತ್ತೆ ಇಲ್ಲವೆಂದು ತಲೆಯಾಡಿಸಿದರು. ಇವರನ್ನು ಕೇಳಿದರು. ಇವರೂ ಇಲ್ಲವೆಂದರು. ರವಿಕೆ ತಿರುವುಮುರುವಾಗಿ ತೊಟ್ಟು ಊರೆಲ್ಲ ಸುತ್ತಿ ಬಂದವಳ ಗತಿಯಾಯಿತು ನನ್ನದು. ಹುಟ್ಟಿದಂದಿನಿಂದ ನನ್ನ ಬಾಯಿ ನನಗೆ ಹೇಳುತ್ತಿದ್ದುದನ್ನು ಎಳ್ಳಿನ ರುಚಿಯೆಂದು ಬಗೆದು ಮೆಚ್ಚಿಕೊಂಡೇ ತಿಂದಿದ್ದೆ. ನಗು ಬರಬೇಕಿತ್ತು. ಆದರೆ ತೊಡೆಯ ಮೇಲಿನ ಕೂಸಿನ ಹೊಟ್ಟೆ ಇನ್ನೂ ಕೆಂಪಗೇ ಇತ್ತು. ನನ್ನಿಂದಲೇ ಅದಕ್ಕೆ ಬಂದಿತ್ತು. ಅಂಗಿಯನ್ನು ಮೆಲ್ಲಗೆ ಕೆಳಗೆಳೆದು ಮುಚ್ಚಿದೆ.

ನಾನು, ಕೂಸು ಇಬ್ಬರೂ ಎಳ್ಳು ಬಿಡಬೇಕು, ಎಳ್ಳು ಮುಟ್ಟಿದ ಕೈ ಕೂಸಿನ ಬಾಯಿಗೆ ಹೋಗಬಾರದು ಎಂದು ಹೇಳಿ ಡಾಕ್ಟರರು ಕಳಿಸಿದರು.

ಮೂಡಲಗಿಗೆ ಮರಳಿದಾಗ ಅವ್ವ ಪಡಸಾಲೆಯಲ್ಲಿ ಕೂತಿದ್ದಳು. ಬಿದ್ದ ಬಾರೆಹಣ್ಣನ್ನೆಲ್ಲ ಮೊರಕ್ಕೆ ಆರಿಸಿಟ್ಟಿದ್ದಳು, ನೆಲ ಗುಡಿಸಿ ಒರೆಸಿದ್ದಳು. ನನ್ನ ಹೆಗಲ ಮೇಲೆ ಮಲಗಿದ್ದ ಕೂಸನ್ನು ಕಂಡವಳೇ ಎದ್ದು ಎರಡೂ ಕೈ ಚಾಚಿದಳು. ಅಷ್ಟರಲ್ಲಿ ಅತ್ತೆ ಅಂದರು: “ಎಳ್ಳು ಮುಟ್ಟಿದ ಕೈ ಕೂಸಿನ ಬಾಯಿಗಿ ಹೋಗಬಾರದಂತ್ರಿ. ಡಾಕ್ಟರ್ ಹೇಳ್ಯಾರ.”

ಅತ್ತೆ ಸುಳ್ಳು ಹೇಳಲಿಲ್ಲ, ಕೊಂಕೂ ನುಡಿಯಲಿಲ್ಲ. ಡಾಕ್ಟರರ ಮಾತನ್ನು ಇದ್ದಂತೆ ತಂದು ಒಪ್ಪಿಸಿದರು. ಚಾಚಿದ ಕೈಗಳನ್ನು ಅವ್ವ ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡು ಸೆರಗಿನೊಳಗೆ ಮುಚ್ಚಿಕೊಂಡಳು. ಮರುದಿನ ಮೊದಲ ಬಸ್ಸಿಗೆ ಹುಕ್ಕೇರಿಗೆ ಹೋದಳು. ದಾಗೀನದ ಡಬ್ಬಿಯನ್ನೂ ಒಯ್ದಳು, ಒಂದು ಎಳೆಯನ್ನೂ ಬಿಡಲಿಲ್ಲ.

ಆಮೇಲೆ ನಾನು ತವರಿಗೆ ಹೋದದ್ದು ಬೇಸಿಗೆಯಲ್ಲಿ. ಕೂಸು ಅಜ್ಜಿಯನ್ನು ಗುರುತು ಹಿಡಿದು ಅಂಬೆಗಾಲಿಕ್ಕುತ್ತ ಹೋಯಿತು. ಅವ್ವ ಎತ್ತಿಕೊಂಡಳು, ಆಡಿಸಿದಳು, ಮುದ್ದು ಮಾಡಿದಳು, ಎಲ್ಲ ಸರಿಯಾಗಿಯೇ ಇತ್ತು. ಊಟದ ಹೊತ್ತಿಗೆ ನಾನು ಅನ್ನ ಮಿದ್ದು ಬಟ್ಟಲನ್ನು ಅವಳ ಮುಂದಿಟ್ಟೆ. ಅವ್ವ ಎದ್ದು ಗೋಡೆಯ ಮಾಡದಲ್ಲಿ ಲೋಟದೊಳಗೆ ಬೇರೆಯಾಗಿ ಇಟ್ಟಿದ್ದ ಹೊಸ ಸ್ಟೀಲಿನ ಚಮಚೆ ತಂದಳು. ಬಿಸಿನೀರಿನಲ್ಲಿ ಅದ್ದಿ, ಹಿಡಿಕೆಯ ತುದಿಯಲ್ಲಷ್ಟೇ ಹಿಡಿದು, ಬೆರಳು ಎಲ್ಲಿಯೂ ತಾಗದ ಹಾಗೆ ಉಣ್ಣಿಸಿದಳು. ಕೂಸು ಚಮಚೆ ಬಿಟ್ಟು ಅವಳ ಬೆರಳಿಗೆ ಬಾಯಿ ಹಾಕಲು ಬಂದರೆ, ಕೆಂಡ ತಾಗಿದವಳ ಹಾಗೆ ಕೈ ಹಿಂದೆಳೆದಳು. ನಮ್ಮ ಮನೆಯಲ್ಲಿ ಚಮಚೆಯಿಂದ ಉಂಡವರು ಕಾಯಿಲೆಯವರು ಮಾತ್ರ. ನನಗೆ ಸಿಟ್ಟೇ ಬಂತು. ಎಳ್ಳು ಮುಟ್ಟಿ ಎಷ್ಟು ದಿನವಾಯಿತು, ಕೈ ತೊಳೆದರೆ ಮುಗಿಯಿತು, ಡಾಕ್ಟರರು ಹೇಳಿದ್ದು ಅಷ್ಟೇ ಎಂದು ಬಗೆಬಗೆಯಾಗಿ ಹೇಳಿದೆ.

“ಬುದ್ಧಿ ಬಂದಾಗಿಂದ ಎಳ್ಳಾಗ ಆಡಿದ ಕೈ ಇದು. ಸಾಬೂನ ಹಚ್ಚಿದರ ಹೋಗ್ತೈತೇನು?” ಎಂದಳು ಅವ್ವ.

ಅಲರ್ಜಿ ಎಂದರೆ ಅವಳಿಗೆ ಅರ್ಥವಾಗಲಿಲ್ಲ. ಎಳ್ಳು ದೇವರಿಗೆ ನಡೆಯುತ್ತದೆ, ಹಿರಿಯರಿಗೆ ನಡೆಯುತ್ತದೆ, ಅದು ಕೂಸಿಗೆ ಹೇಗೆ ನಡೆಯದು? ನಡೆಯದಿದ್ದರೆ ತಪ್ಪು ಅದನ್ನು ಮಾಡಿದ ಕೈಯದೇ ಇರಬೇಕು. ಅವಳ ಲೆಕ್ಕ ಅಲ್ಲಿಂದ ಮುಂದೆ ಹೋಗಲೇ ಇಲ್ಲ.

ಮುಂದಿನ ಎಳ್ಳಮಾವಾಸ್ಯೆಗೆ ಅವ್ವ ಶೇಗಡಿ ಹೊತ್ತಿಸಲಿಲ್ಲವೆಂದು ಅಣ್ಣನ ಹೆಂಡತಿ ತಿಳಿಸಿದರು. ಹೋಳಿಗೆಗೆ ಎಳ್ಳು ಕುಟ್ಟುವುದನ್ನೂ ಅವ್ವ ಅವರ ಮೇಲೆಯೇ ಬಿಟ್ಟಿದ್ದಳಂತೆ. ದಾಗೀನ ಕೇಳಲು ಬಂದವರಿಗೆಲ್ಲ ಕಣ್ಣು ಕಾಣುವುದಿಲ್ಲ ಎಂದು ಹೇಳಿ ಕಳಿಸುತ್ತಿದ್ದಳಂತೆ. ಕಣ್ಣಿಗೇನಾಗಿತ್ತು ಅವಳಿಗೆ, ಸೂಜಿಗೆ ದಾರ ಪೋಣಿಸುವುದರಲ್ಲಿ ನನ್ನನ್ನೇ ಮೀರಿಸುತ್ತಿದ್ದಳು. ನಾನು ಹಬ್ಬದ ನೆಪ ಮಾಡಿ ಹುಕ್ಕೇರಿಗೆ ಹೋದೆ. ಮಾತಾಡುತ್ತ ಅವ್ವನ ಕೈಯನ್ನು ನನ್ನ ಕೈಯಲ್ಲಿ ತೆಗೆದುಕೊಂಡೆ. ತೆಗೆದುಕೊಂಡವಳು ಹಾಗೇ ನೋಡುತ್ತ ಕೂತೆ. ಜನವರಿಯ ಥಂಡಿಯಲ್ಲಿ ಅವ್ವನ ಕೈ ನುಣ್ಣಗಿತ್ತು. ಸೀಳಿಲ್ಲ, ಕೆಂಪಿಲ್ಲ, ಬೆರಳ ಸಂದಿಯಲ್ಲಿ ಎಳೆ ಚರ್ಮ ಬಂದಿತ್ತು. ಆ ತಿಂಗಳಲ್ಲಿ ಅಂಥ ಕೈಯನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಎಳ್ಳು ತಿಂದರೆ ನಿನಗೂ ಗಂಟಲು ಕೆರೆಯುತ್ತದೆಯೇ ಎಂದು ಕೇಳಿದೆ.

ಅವ್ವ ನನ್ನನ್ನೇ ವಿಚಿತ್ರವಾಗಿ ನೋಡಿದಳು. “ಕೆರೀಲಾರದ ಎಳ್ಳು ಎಲ್ಲೆರ ಇರ್ತಾವೇನು?”

ನನಗಾದ ಸಂತೋಷ ಅಷ್ಟಿಷ್ಟಲ್ಲ. ಕಳೆದುಹೋದ ಬೀಗದ ಕೈ ಸಿಕ್ಕಂತಾಯಿತು. ಒಂದೇ ಉಸಿರಿಗೆ ಎಲ್ಲ ಹೇಳಿದೆ. ನಿನ್ನ ಕೈಯದು ಏನೂ ತಪ್ಪಿಲ್ಲ, ನಿನಗೂ ಎಳ್ಳು ಒಗ್ಗುವುದಿಲ್ಲ, ಆ ಕೈ ಒಡೆಯುತ್ತಿದ್ದುದು ಕೆಂಡಕ್ಕಲ್ಲ, ಎಳ್ಳಿಗೇ. ನಿನ್ನ ಕೈ ಕೂಸಿಗೆ ಕೇಡು ಮಾಡಲಿಲ್ಲ, ಎಳ್ಳೇ ನಿನ್ನ ಕೈಗೂ ಕೇಡು ಮಾಡಿತು. ಇದು ಮೈಯ ಗುಣ, ತಾಯಿಯಿಂದ ಮಗಳಿಗೆ ಬರುವುದುಂಟು, ಇದರಲ್ಲಿ ಯಾರದೂ ತಪ್ಪಿಲ್ಲ. ಹೇಳುತ್ತ ಹೇಳುತ್ತ ನಾನೇ ನಗುತ್ತಿದ್ದೆ. ಇನ್ನೇನು ಅವ್ವ ನಗುತ್ತಾಳೆ, ಬಟ್ಟಲು ತರಹೇಳುತ್ತಾಳೆ, ಕೂಸಿಗೆ ತುತ್ತು ಕೊಡುತ್ತಾಳೆ ಎಂದುಕೊಂಡಿದ್ದೆ.

ಅವ್ವ ತನ್ನ ನುಣ್ಣನೆಯ ಕೈಗಳನ್ನು ತಿರುವಿ ತಿರುವಿ ನೋಡಿಕೊಂಡಳು. ಅಂಗಳದಲ್ಲಿ ಆಡುತ್ತಿದ್ದ ಮೊಮ್ಮಗಳನ್ನು ನೋಡಿದಳು.

“ಹಂಗಾದರ ನಿನಗೂ ನಾನ ಕೊಟ್ಟೆ. ಆಕಿಗೂ ನಾನ ಕೊಟ್ಟೆ.”

ಹಾಗಲ್ಲ ಅವ್ವ ಎಂದೆ. ಹಾಗಲ್ಲದೆ ಮತ್ತೆ ಹೇಗೆ ಎಂದು ಅವಳು ಕೇಳಲಿಲ್ಲ. ಹಾಗೆಯೇ ಇತ್ತಲ್ಲ. ನಾನು ಕೂಗಿ ಹೇಳಿದ ಸಂತೋಷದ ಸುದ್ದಿ ಅದೇ ಆಗಿತ್ತಲ್ಲ. ಅವಳ ಕೈಯ ಮೇಲಿದ್ದ ಅಪವಾದವನ್ನು ತೆಗೆದು ಅವಳ ರಕ್ತದ ಮೇಲೆ ಹೊರಿಸಿ ಬಂದಿದ್ದೆ.

ವರ್ಷಗಳು ಹೋದವು. ಮಗಳು ನಡೆದಳು, ಮಾತು ಕಲಿತಳು, ಶಾಲೆಗೆ ಸೇರಿದಳು. ರಜೆ ಬಂದರೆ ಹುಕ್ಕೇರಿಯೇ ಬೇಕು. ಬಸ್ಸಿನಲ್ಲಿ ಘಟಪ್ರಭೆ ದಾಟುವಾಗ ಧುಪದಾಳದ ಒಡ್ಡಿನ ನೀರು ಕಾಣುತ್ತದೆಯೇ ಎಂದು ಕಿಟಕಿಯಿಂದ ಕತ್ತು ಚಾಚುತ್ತಿದ್ದಳು, ಕಂಡರೂ ಕಾಣದಿದ್ದರೂ ಅಜ್ಜಿಗೆ ಹೇಳಲು ಒಂದು ಕಥೆ ಇರುತ್ತಿತ್ತು. ಅವ್ವ ಅವಳ ತಲೆ ಬಾಚುತ್ತಿದ್ದಳು, ತೊಡೆಯ ಮೇಲೆ ಮಲಗಿಸಿಕೊಳ್ಳುತ್ತಿದ್ದಳು. ಬಾಯಿಗೆ ಮಾತ್ರ ಚಮಚೆಯೇ. ಅಜ್ಜಿ ಉಣ್ಣಿಸು ಎಂದು ಹುಡುಗಿ ಕಾಲು ಚಾಚಿ ಕೂತರೆ ಅವ್ವ ಮಾಡದ ಕಡೆ ಹೋಗುತ್ತಿದ್ದಳು. ನಾನು ಜಗಳವಾಡುವುದನ್ನು ಬಿಟ್ಟಿದ್ದೆ. ಹುಡುಗಿಗೆ ಅಷ್ಟಿಷ್ಟು ಎಳ್ಳು ತಗುಲಿದರೆ ತುಟಿ ಕೆಂಪಾಗುವುದು ಬಿಟ್ಟರೆ ಮತ್ತೇನೂ ಆಗುತ್ತಿರಲಿಲ್ಲ. ಇಷ್ಟು ಸಣ್ಣ ಕಾಯಿಲೆಗೆ ಇಷ್ಟು ದೊಡ್ಡ ಬೆಲೆಯೇ ಎಂದು ಒಮ್ಮೊಮ್ಮೆ ಒಬ್ಬಳೇ ಕೂತು ಅತ್ತಿದ್ದೇನೆ.

ಹೊಸ ಶತಮಾನ ಶುರುವಾಗಿ ಕೆಲವು ವರ್ಷಕ್ಕೆ ಅವ್ವನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು. ಮಾತು ತೊದಲಿ ತೊದಲಿ ಕೊನೆಗೆ ನಿಂತೇ ಹೋಯಿತು. ಮಗಳನ್ನು ಕರೆದುಕೊಂಡು ಹೋದೆ. ಪಡಸಾಲೆಯ ಹೊರಸಿನ ಮೇಲೆ ಅವ್ವನನ್ನು ದಿಂಬಿಗೆ ಒರಗಿಸಿ ಕೂಡಿಸಿದ್ದರು. ಅಣ್ಣನ ಹೆಂಡತಿ ಮೆತ್ತನೆಯ ಅನ್ನ, ಬೇಳೆಕಟ್ಟು ತಂದುಕೊಟ್ಟರು. ನಾನು ಬಟ್ಟಲಲ್ಲಿ ಕೈ ಹಾಕಿ ಮಿದ್ದೆ. ತುತ್ತು ಮಾಡುವಷ್ಟರಲ್ಲಿ ಮಗಳು ಅಡ್ಡ ಬಂದು, ತಾನು ಉಣ್ಣಿಸುತ್ತೇನೆ ಎಂದಳು. ಅವಳಿಗೆ ಬಟ್ಟಲು ಕೊಟ್ಟೆ. ಅಜ್ಜಿಯ ಬಾಯಿಗೆ ಮೊಮ್ಮಗಳ ಕೈತುತ್ತಾದರೂ ಸಿಗಲಿ, ಆ ಸಾಲ ಹೀಗಾದರೂ ತೀರಲಿ ಎಂದು ಆಸೆಯಾಯಿತು.

ಹುಡುಗಿ ಬಟ್ಟಲನ್ನು ಹೊರಸಿನ ಮೇಲಿಟ್ಟು ಮಾಡದ ಕಡೆ ನಡೆದಳು. ತುದಿಗಾಲಲ್ಲಿ ನಿಂತು ಲೋಟದಿಂದ ಆ ಚಮಚೆ ತೆಗೆದಳು. ಬಿಸಿನೀರು ಎಲ್ಲಿದೆ ಎಂದು ಕೇಳಿ, ಅದ್ದಿ, ಹಿಡಿಕೆಯ ತುದಿಯಲ್ಲಷ್ಟೇ ಹಿಡಿದುಕೊಂಡು ಬಂದಳು. ಚಮಚೆ ಬೇಡ, ಕೈಯಿಂದಲೇ ಉಣ್ಣಿಸು ಎಂದೆ. ನನಗೆ ಏನೂ ತಿಳಿಯದು ಎನ್ನುವ ಹಾಗೆ ಅವಳು ತಿದ್ದಿದಳು:

“ಈ ಮನ್ಯಾಗ ಕೈಲೆ ಉಣಸಂಗಿಲ್ಲವ್ವ.”

ಎಲ್ಲ ಮನೆಗೂ ಒಂದೊಂದು ರೀತಿ ಇರುತ್ತದೆ, ಈ ಮನೆಯದು ಇದು ಎಂದು ಅವಳು ತಿಳಿದಿದ್ದಳು. ಎಳ್ಳು ಎಂದರೆ ಚುರುಚುರು ಎಂದು ನಾನು ತಿಳಿದಿದ್ದೆನಲ್ಲ, ಹಾಗೆ. ಅದನ್ನು ಅವಳಿಗೆ ಯಾರೂ ಬಾಯಿಬಿಟ್ಟು ಹೇಳಿಕೊಟ್ಟಿರಲಿಲ್ಲ.

ಅವ್ವನಿಗೆ ಮಾತು ಹೋಗಿತ್ತು, ಕಿವಿ ಹೋಗಿರಲಿಲ್ಲ. ಮೊಮ್ಮಗಳ ತಲೆ ಸವರಲೆಂದು ಎತ್ತಿದ್ದ ಎಡಗೈಯನ್ನು, ಆಡುತ್ತಿದ್ದ ಆ ಒಂದೇ ಕೈಯನ್ನು, ಹೊದಿಸಿದ್ದ ಕೌದಿಯೊಳಗೆ ಎಳೆದುಕೊಂಡು ಚಮಚೆಗೆ ಬಾಯಿ ತೆರೆದಳು.